ಮಂಡಿಗೆ ನಾಟಿದ ಮುಳ್ಳು ಸಣ್ಣ ಸಂಗತಿಯಲ್ಲ

ತಿಪಟೂರಿನಲ್ಲಿ ‘ಮಂಡಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಕೊಬ್ಬರಿಯ ಸಗಟು ವ್ಯಾಪಾರ ನಡೆಯುವ ಅಂಗಡಿ. ಇನ್ನೊಂದು, ಮೊಣಕಾಲು. ಮೊದಲನೆಯ ಮಂಡಿಯ ವಹಿವಾಟು ನಿಂತಿರುವುದು ಎರಡನೆಯ ಮಂಡಿಯ ಬಲದ ಮೇಲೆ ಎಂಬುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾಲ್ಕುರಿಕೆಯಂಥ ಊರಿನ ತೋಟದಲ್ಲಾಗಲಿ, ಕೊಬ್ಬರಿ ಮನೆಯ ಅಂಗಳದಲ್ಲಾಗಲಿ ಅರ್ಧ ದಿನ ನಿಂತು ನೋಡಿದರೆ ಸಾಕು. ನೆಲಕ್ಕೆ ನೆಟ್ಟ ಚೂಪು ಕಬ್ಬಿಣದ ಮುಂದೆ ಬಾಗಿ ಕಾಯಿ ಸುಲಿಯುವವರು, ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ಹೆಂಗಸರು, ಪಾತಿಯಲ್ಲಿ ಮಂಡಿಯೂರಿ ಕಳೆ ಕೀಳುವವರು, ಒಣಗರಿ ಸೀಳಿ ಹಂಚಿಕಡ್ಡಿ ತೆಗೆದು ಪೊರಕೆ ಕಟ್ಟುವ ಅಜ್ಜಿಯರು, ಎಲ್ಲರೂ ಮಂಡಿಯನ್ನು ಮಡಿಸಿ ದುಡಿಯುವವರೇ. ಅವರ ಕಾಲಡಿಯಲ್ಲಿ ಕರಟದ ಚೂರು, ಗರಿಯ ಸಿಬಿರು, ಬೇಲಿಯಿಂದ ಉದುರಿದ ಜಾಲಿ ಮುಳ್ಳು, ಹಳ್ಳದ ದಡದ ಈಚಲು ಗರಿ ಇದ್ದೇ ಇರುತ್ತವೆ.

ಮುಳ್ಳು ಚುಚ್ಚುವುದು ಇಲ್ಲಿ ಸುದ್ದಿಯಲ್ಲ. ಪಾದಕ್ಕೆ ನಾಟಿದ ಮುಳ್ಳನ್ನು ತೆಗೆಯಲು ಉಡಿದಾರಕ್ಕೆ ಕಟ್ಟಿಕೊಂಡ ಚಿಮುಟವಿದೆ, ಬಳೆಗೆ ಸಿಕ್ಕಿಸಿದ ಪಿನ್ನಿದೆ, ಅದಕ್ಕೂ ಬಗ್ಗದಿದ್ದರೆ ಎಕ್ಕದ ಹಾಲು ಹಚ್ಚುವ ರೂಢಿಯಿದೆ. ಮುರಿದು ಒಳಗುಳಿದ ತುದಿ ನಾಲ್ಕು ದಿನ ಕೀವಾಗಿ ತಾನಾಗಿಯೇ ಹೊರಬರುವುದನ್ನೂ ಎಲ್ಲರೂ ಕಂಡಿದ್ದಾರೆ. ಈ ಅನುಭವದ ಬಲದಿಂದಲೇ ಮಂಡಿಗೆ ಚುಚ್ಚಿದ ಮುಳ್ಳನ್ನೂ ಜನ ಅದೇ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ತಪ್ಪು ಆಗುವುದು ಇಲ್ಲಿಯೇ. ಪಾದಕ್ಕೆ ನಾಟಿದ ಮುಳ್ಳು ಮಾಂಸದಲ್ಲಿ ನಿಲ್ಲುತ್ತದೆ. ಮಂಡಿಗೆ ನಾಟಿದ್ದು ಕೀಲಿನ ಒಳಕ್ಕೆ ಇಳಿಯಬಹುದು. ಅದು ಬೇರೆಯೇ ಕಾಯಿಲೆಯ ಆರಂಭ.

ಮುಚ್ಚಿದ ಕೋಣೆ

ಮಂಡಿ ನಮ್ಮ ದೇಹದ ಅತಿ ದೊಡ್ಡ ಕೀಲು. ತೊಡೆಯ ಮೂಳೆ, ಕಾಲಿನ ಕೆಳಭಾಗದ ದೊಡ್ಡ ಮೂಳೆ ಮತ್ತು ಮಂಡಿಚಿಪ್ಪು ಸೇರುವ ಈ ಜಾಗವನ್ನು ಒಂದು ಚೀಲ ಆವರಿಸಿಕೊಂಡಿದೆ. ಚೀಲದ ಒಳಮೈಗೆ ತೆಳುವಾದ ಪೊರೆಯಿದ್ದು, ಅದು ಕೀಲು ಸರಾಗವಾಗಿ ಆಡಲು ಬೇಕಾದ ಅಂಟುದ್ರವವನ್ನು ಒಸರುತ್ತದೆ. ಆರೋಗ್ಯವಂತ ಮಂಡಿಯಲ್ಲಿ ಈ ದ್ರವ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವಿಲ್ಲ. ಅದು ಸವೆಯುವಾಗ ನೋವು ತಿಳಿಯುವುದಿಲ್ಲ. ಒಮ್ಮೆ ಹಾಳಾದರೆ ಮೊದಲಿನಂತೆ ಬೆಳೆಯುವುದೂ ಇಲ್ಲ.

ಈ ಚೀಲದ ವಿಸ್ತಾರ ಹೊರಗಿನಿಂದ ತೋರುವುದಕ್ಕಿಂತ ದೊಡ್ಡದು. ಮಂಡಿಚಿಪ್ಪಿನ ಮೇಲಕ್ಕೆ, ತೊಡೆಯ ಕಡೆಗೆ, ಸುಮಾರು ಮೂರು ಬೆರಳಿನಷ್ಟು ದೂರ ಅದು ಚಾಚಿಕೊಂಡಿರುತ್ತದೆ. ಆದ್ದರಿಂದ ‘ಮಂಡಿಗೆ ಚುಚ್ಚಿಲ್ಲ, ಸ್ವಲ್ಪ ಮೇಲೆ ಚುಚ್ಚಿದೆ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಚಿಪ್ಪಿನ ಎರಡೂ ಪಕ್ಕಗಳಲ್ಲಿ ಚರ್ಮಕ್ಕೂ ಕೀಲಿಗೂ ನಡುವೆ ಹೆಚ್ಚು ಮಾಂಸವಿಲ್ಲ. ಎರಡು ಮೂರು ಅಂಗುಲದ ಈಚಲು ಮುಳ್ಳಿಗೆ ಆ ಅಂತರ ಏನೇನೂ ಅಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮುಳ್ಳು ಚುಚ್ಚುವುದು ಸಾಮಾನ್ಯವಾಗಿ ಮಂಡಿ ಮಡಿಸಿದ ಸ್ಥಿತಿಯಲ್ಲಿ. ಕಾಲು ಚಾಚಿದ ಕೂಡಲೆ ಚರ್ಮ, ಅದರಡಿಯ ಪದರ, ಕೀಲಿನ ಚೀಲ ಇವೆಲ್ಲ ಒಂದರ ಮೇಲೊಂದು ಸರಿಯುತ್ತವೆ. ಮುಳ್ಳು ಇಳಿದ ದಾರಿ ಮುಚ್ಚಿಹೋಗುತ್ತದೆ. ಹೊರಗೆ ಉಳಿಯುವುದು ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಮಾತ್ರ. ಎರಡು ದಿನಕ್ಕೆ ಅದೂ ಮಾಯುತ್ತದೆ. ಒಳಗಿನ ತುದಿಗೆ ಹೊರಬರುವ ದಾರಿಯೇ ಇಲ್ಲ.

ಹೋಗಿ ಮರಳುವ ಊತ

ಕೀಲಿನೊಳಗೆ ಸಿಕ್ಕ ಮುಳ್ಳು ಎರಡು ಬಗೆಯಲ್ಲಿ ಕಾಡುತ್ತದೆ. ಮೊದಲನೆಯದು ತೀವ್ರವಾದ ಸೋಂಕು. ಮುಳ್ಳಿನೊಡನೆ ಒಳಹೊಕ್ಕ ರೋಗಾಣುಗಳು ಬೆಳೆದು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಮಂಡಿ ಕೆಂಪಾಗಿ ಊದಿಕೊಂಡು, ಜ್ವರ ಬಂದು, ಕಾಲನ್ನು ಒಂದಿಷ್ಟೂ ಮಡಿಸಲಾಗದ ಸ್ಥಿತಿ ಬರುತ್ತದೆ. ಕೀಲಿನಲ್ಲಿ ಕೀವು ತುಂಬುವುದು ತುರ್ತು ಚಿಕಿತ್ಸೆಯ ವಿಷಯ. ಕೆಲವೇ ದಿನ ತಡಮಾಡಿದರೂ ಮೃದ್ವಸ್ಥಿ ಕರಗಿ ಆಯುಷ್ಯಪೂರ್ತಿ ಕಾಲು ಸೆಟೆದು ನಿಲ್ಲಬಹುದು. ಆದರೆ ಇದರ ಆರ್ಭಟ ದೊಡ್ಡದಾದ್ದರಿಂದ ರೋಗಿ ಆಸ್ಪತ್ರೆಗೆ ಬಂದೇ ಬರುತ್ತಾನೆ.

ಎರಡನೆಯದು ಸದ್ದಿಲ್ಲದ್ದು, ಆ ಕಾರಣಕ್ಕೇ ಹೆಚ್ಚು ಮೋಸದ್ದು. ಚುಚ್ಚಿದ ದಿನ ನೋವು, ಒಂದೆರಡು ದಿನ ಸಣ್ಣ ಊತ, ಆಮೇಲೆ ಎಲ್ಲವೂ ಸರಿಹೋದಂತೆ ತೋರುತ್ತದೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಮಂಡಿ ಮತ್ತೆ ಊದಿಕೊಳ್ಳುತ್ತದೆ. ಜ್ವರವಿರುವುದಿಲ್ಲ. ಬೆಳಿಗ್ಗೆ ಏಳುವಾಗ ಬಿಗಿತ, ಮೆಟ್ಟಿಲು ಇಳಿಯುವಾಗ ನೋವು, ನಡಿಗೆಯಲ್ಲಿ ಕುಂಟು. ಮಾತ್ರೆ ತೆಗೆದುಕೊಂಡರೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಗಿಡದ ಅಂಗಾಂಶವನ್ನು ದೇಹ ಜೀರ್ಣಿಸಿಕೊಳ್ಳಲಾರದು. ಕೀಲಿನ ಒಳಪೊರೆ ಆ ಚೂರನ್ನು ಸುತ್ತುವರಿದು, ದಪ್ಪಗಾಗಿ, ಸದಾ ಉರಿಯುತ್ತ ದ್ರವ ಒಸರುತ್ತಿರುತ್ತದೆ. ವೈದ್ಯಶಾಸ್ತ್ರ ಇದನ್ನು ಸಸ್ಯಮುಳ್ಳಿನ ಕೀಲುರಿತವೆಂದು ಪ್ರತ್ಯೇಕವಾಗಿಯೇ ಗುರುತಿಸಿದೆ. ಅಮೆರಿಕದ ‘ರೇಡಿಯಾಲಜಿ’ ಪತ್ರಿಕೆ 1953ರಲ್ಲಿಯೇ, ಮಕ್ಕಳ ಕೀಲುಗಳಲ್ಲಿ ನೀರು ತುಂಬಲು ತಾಳೆ ಜಾತಿಯ ಮರದ ಮುಳ್ಳು ಕಾರಣವಾಗುವುದನ್ನು ಕುರಿತ ಲೇಖನ ಪ್ರಕಟಿಸಿತ್ತು. ನಮ್ಮ ಈಚಲು ಆ ಕುಟುಂಬದ್ದೇ. ಇಂಥ ಮಂಡಿಗಳಿಂದ ತೆಗೆದ ದ್ರವದಲ್ಲಿ ಪ್ಯಾಂಟೋಯಿಯಾ ಎಂಬ, ಗಿಡಮರಗಳ ಮೇಲೆ ಬದುಕುವ ಬ್ಯಾಕ್ಟೀರಿಯಾ ಸಿಕ್ಕಿರುವ ವರದಿಗಳೂ ಹಲವಿವೆ.

ಊತ ಮರಳುವ ಹೊತ್ತಿಗೆ ಮುಳ್ಳಿನ ನೆನಪು ಮಾಸಿರುತ್ತದೆ. ರೋಗಿ ಹೇಳುವುದಿಲ್ಲ, ವೈದ್ಯರು ಕೇಳುವುದಿಲ್ಲ. ದೊಡ್ಡವರಿಗಾದರೆ ‘ವಾಯು’, ‘ಸವೆತ’ ಎಂಬ ಹೆಸರು ಬೀಳುತ್ತದೆ. ಮಕ್ಕಳಿಗಾದರೆ ಬಾಲ್ಯದ ಸಂಧಿವಾತ ಎಂದಾಗುತ್ತದೆ. ಒಂದೇ ಕೀಲು ತಿಂಗಳುಗಟ್ಟಲೆ ಊದಿಕೊಂಡಿದ್ದರೆ ನಮ್ಮ ದೇಶದಲ್ಲಿ ಕ್ಷಯದ ಸಂಶಯ ಬರುವುದು ಸಹಜ, ಅದು ತಪ್ಪೂ ಅಲ್ಲ. ಆದರೆ ಪುರಾವೆಯಿಲ್ಲದೆ ತಿಂಗಳುಗಟ್ಟಲೆ ಕ್ಷಯದ ಔಷಧಿಯನ್ನೋ, ಸಂಧಿವಾತದ ಮಾತ್ರೆಯನ್ನೋ ನುಂಗುವ ಮಗುವಿನ ಮಂಡಿಯೊಳಗೆ ಅರ್ಧ ಅಂಗುಲದ ಮುಳ್ಳೊಂದು ಹಾಗೆಯೇ ಕೂತಿದ್ದರೆ? ಇಂಥ ತಪ್ಪು ರೋಗನಿರ್ಣಯ ಪ್ರಪಂಚದ ಅನೇಕ ಕಡೆ ದಾಖಲಾಗಿದೆ. ಮುಳ್ಳು ತೆಗೆದ ಮೇಲೆ ಅದೇ ಮಕ್ಕಳು ಔಷಧಿಯ ಹಂಗಿಲ್ಲದೆ ಓಡಾಡಿದ್ದೂ ದಾಖಲಾಗಿದೆ.

ಎಕ್ಸ್-ರೇಗೆ ಕಾಣದ್ದು

‘ಎಕ್ಸ್-ರೇ ತೆಗೆಸಿದೆವು, ಏನೂ ಇಲ್ಲ ಎಂದರು’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಎಕ್ಸ್-ರೇಗೆ ಲೋಹ ಸ್ಪಷ್ಟವಾಗಿ ಕಾಣುತ್ತದೆ. ಗಾಜಿನ ಚೂರೂ ಬಹುಪಾಲು ಕಾಣುತ್ತದೆ. ಮರದ ಸಿಬಿರು, ಮುಳ್ಳು, ಗರಿಯ ಕಡ್ಡಿ ಕಾಣುವುದಿಲ್ಲ. ಅವುಗಳ ಸಾಂದ್ರತೆ ಮಾಂಸದ ಸಾಂದ್ರತೆಗೆ ಹತ್ತಿರವಾದ್ದರಿಂದ ಕಿರಣಗಳು ವ್ಯತ್ಯಾಸವಿಲ್ಲದೆ ಹಾದುಹೋಗುತ್ತವೆ. ಆದ್ದರಿಂದ ಮುಳ್ಳಿನ ವಿಷಯದಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲವೆಂದರೆ ಒಳಗೆ ಲೋಹವಿಲ್ಲ, ಮೂಳೆ ಮುರಿದಿಲ್ಲ ಎಂದಷ್ಟೇ ಅರ್ಥ. ಮುಳ್ಳಿಲ್ಲ ಎಂದು ಅರ್ಥವಲ್ಲ.

ಮುಳ್ಳನ್ನು ಹುಡುಕಲು ಒದಗುವುದು ಅಲ್ಟ್ರಾಸೌಂಡ್. ಚರ್ಮದ ಹತ್ತಿರದ ಭಾಗಗಳನ್ನು ನೋಡುವ ಪ್ರೋಬ್ ಬಳಸಿ ಅನುಭವಸ್ಥರು ನೋಡಿದರೆ ಮುಳ್ಳು ಬಿಳಿಯ ಗೆರೆಯಾಗಿ, ಹಿಂದೊಂದು ನೆರಳಿನೊಡನೆ ತೋರುತ್ತದೆ. ಗರ್ಭಿಣಿಯರ ತಪಾಸಣೆಗಾಗಿ ಇರುವ ಯಂತ್ರಕ್ಕೇ ಈ ಪ್ರೋಬ್ ಜೋಡಿಸಬಹುದು. ದೊಡ್ಡ ಖರ್ಚಿನ ಮಾತಲ್ಲ. ಕೀಲಿನ ಆಳದಲ್ಲಿ, ಮೂಳೆಯ ಮರೆಯಲ್ಲಿ ಇದ್ದರೆ ಎಂಆರ್‌ಐ ಬೇಕಾಗುತ್ತದೆ. ಆದರೆ ಒಳಗಿರುವುದು ಕಬ್ಬಿಣದ ಚೂರಿರಬಹುದೆಂಬ ಸಂಶಯವಿದ್ದರೆ ಮೊದಲು ಎಕ್ಸ್-ರೇ ಆಗಲೇಬೇಕು. ಎಂಆರ್‌ಐ ಯಂತ್ರದ ಕಾಂತಶಕ್ತಿ ಕಬ್ಬಿಣವನ್ನು ಒಳಗೇ ಎಳೆದಾಡೀತು.

ಕಬ್ಬಿಣದ ಮಾತು ಬಂದಾಗ ಸೂಜಿಯನ್ನು ಮರೆಯುವಂತಿಲ್ಲ. ನೆಲದ ಮೇಲೆ ಕೂತು ಬಟ್ಟೆ ಹೊಲಿಯುವ ಮನೆಗಳಲ್ಲಿ ಚಾಪೆಗೆ ಬಿದ್ದ ಸೂಜಿಯ ಮೇಲೆ ಮಂಡಿಯೂರಿದ ಮಗುವಿಗೆ ಅದು ಮುರಿದು ಒಳಹೋಗುವುದುಂಟು. ಹಾರೆಯ ತಲೆಗೆ ಸುತ್ತಿಗೆ ಬಡಿಯುವಾಗ ಸಿಡಿದ ಉಕ್ಕಿನ ಚೂರು ಬಟ್ಟೆ, ಚರ್ಮ ಎರಡನ್ನೂ ತೂರಿ ಕೀಲು ಸೇರುವುದುಂಟು. ಮಲೆನಾಡಿನ ಕಡೆ ನಾಡಬಂದೂಕಿನ ಸೀಸದ ಚರೆಯ ಸಮಸ್ಯೆ ಇನ್ನೂ ವಿಚಿತ್ರ. ಮಾಂಸದಲ್ಲಿ ಉಳಿದ ಸೀಸದ ಚೂರನ್ನು ವೈದ್ಯರು ಅನೇಕ ವೇಳೆ ಹಾಗೆಯೇ ಬಿಡುತ್ತಾರೆ. ಕೀಲಿನಲ್ಲಿ ಉಳಿದರೆ ಬಿಡುವಂತಿಲ್ಲ. ಕೀಲಿನ ದ್ರವದಲ್ಲಿ ಸೀಸ ನಿಧಾನವಾಗಿ ಕರಗಿ ರಕ್ತ ಸೇರಿ ವರ್ಷಗಳ ಮೇಲೆ ವಿಷವಾಗಬಲ್ಲದು.

ಮಂಡಿಯೊಳಗೆ ಅಲೆಯುವ ಚೂರೆಲ್ಲ ಹೊರಗಿನದಲ್ಲ ಎಂಬುದನ್ನೂ ಹೇಳಬೇಕು. ಸವೆತದಿಂದಲೋ ಪೆಟ್ಟಿನಿಂದಲೋ ಮೃದ್ವಸ್ಥಿಯ ತುಣುಕು ಕಳಚಿ ಕೀಲಿನಲ್ಲಿ ಅತ್ತಿತ್ತ ಓಡಾಡುತ್ತ, ನಡೆಯುವಾಗ ಇದ್ದಕ್ಕಿದ್ದಂತೆ ಮಂಡಿಯನ್ನು ಹಿಡಿದು ನಿಲ್ಲಿಸುವುದುಂಟು. ಅದರ ಲಕ್ಷಣವೇ ಬೇರೆ, ಆದರೂ ಪರಿಹಾರ ಒಂದೇ: ಹೊರಗೆ ತೆಗೆಯುವುದು.

ತೆಗೆಯುವ ವಿದ್ಯೆ

ನಮ್ಮ ಪರಂಪರೆಯಲ್ಲಿ ಶಸ್ತ್ರವೈದ್ಯಕ್ಕೆ ಶಲ್ಯತಂತ್ರವೆಂದೇ ಹೆಸರು. ಶಲ್ಯವೆಂದರೆ ದೇಹದೊಳಗೆ ಹೊಕ್ಕು ಬಾಧಿಸುವ ವಸ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯ ಕಾಣದಂತೆ ಅಡಗಿದ ಶಲ್ಯವನ್ನು ಪತ್ತೆಹಚ್ಚುವ ಬಗೆಯನ್ನೂ, 27ನೆಯ ಅಧ್ಯಾಯ ಅದನ್ನು ತೆಗೆಯುವ 15 ಉಪಾಯಗಳನ್ನೂ ವಿವರಿಸುತ್ತವೆ. ಕೀಲಿನಲ್ಲಿ ಅಡಗಿದ್ದರೆ ಕೀಲನ್ನು ಚಾಚಿ, ಮಡಿಸಿ, ಒತ್ತಿ ನೋಡಬೇಕು, ನೋವು ಎದ್ದಲ್ಲಿ ಶಲ್ಯವಿದೆ ಎಂದು ತಿಳಿಯಬೇಕು ಎನ್ನುತ್ತದೆ ಆ ಗ್ರಂಥ. ಕಬ್ಬಿಣದ ಚೂರಿಗೆ ಅಯಸ್ಕಾಂತ ಬಳಸುವುದೂ ಆ 15ರಲ್ಲಿ ಒಂದು. ಯುರೋಪಿನಲ್ಲಿ 1558ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ರೋಗಿಯೊಬ್ಬನ ಮಂಡಿಯಿಂದ ಬಾದಾಮಿ ಗಾತ್ರದ ತುಣುಕನ್ನು ತೆಗೆದ ಉಲ್ಲೇಖವಿದೆ. ಆದರೆ ಸೋಂಕು ತಡೆಯುವ ವಿದ್ಯೆ ತಿಳಿಯುವವರೆಗೆ ಕೀಲನ್ನು ಕುಯ್ಯುವುದೆಂದರೆ ಕಾಲನ್ನು, ಕೆಲವೊಮ್ಮೆ ಪ್ರಾಣವನ್ನು ಪಣಕ್ಕಿಡುವುದೇ ಆಗಿತ್ತು.

ಪರಿಸ್ಥಿತಿ ಬದಲಾಗಿದ್ದು ಜಪಾನಿನಲ್ಲಿ. ಟೋಕಿಯೊದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನು ಶವದ ಮಂಡಿಯೊಳಗೆ ಇಳಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತನಬೆ ಉಪಕರಣವನ್ನು ಸುಧಾರಿಸಿ, 1962ರಲ್ಲಿ ಕೊಳವೆಯ ಮೂಲಕವೇ ಮಂಡಿಯ ಗಾದಿಯ ಹರಿದ ಭಾಗವನ್ನು ತೆಗೆದರು. ಇಂದು ಆರ್ತ್ರೋಸ್ಕೊಪಿ ಎಂದು ಕರೆಯುವ ವಿಧಾನ ಬೆಳೆದು ಬಂದದ್ದು ಹೀಗೆ. ಅರ್ಧ ಅಂಗುಲಕ್ಕೂ ಕಡಿಮೆಯ ಎರಡು ಮೂರು ರಂಧ್ರ, ಒಂದರಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಚಿಮುಟ. ಕೀಲನ್ನು ಉಪ್ಪುನೀರಿನ ದ್ರಾವಣದಿಂದ ಹಿಗ್ಗಿಸಿ ಮೂಲೆಮೂಲೆಯನ್ನೂ ಹುಡುಕಬಹುದು. ಸೂಜಿಯಂಥ ಹಗುರ ವಸ್ತು ನೀರಿನ ಸೆಳೆತಕ್ಕೆ ಹಿಂದಿನ ಮೂಲೆಗೆ ಜಾರದಂತೆ ಎಚ್ಚರ ಬೇಕು. ಲೋಹವಾದರೆ ಎಕ್ಸ್-ರೇ ಪರದೆಯ ನೆರವು ಸಿಗುತ್ತದೆ.

ಮುಳ್ಳಿನ ವಿಷಯದಲ್ಲಿ ಬರೀ ಮುಳ್ಳನ್ನು ತೆಗೆದರೆ ಸಾಲದು. ಅದು ಚೂರುಚೂರಾಗಿ ಒಳಪೊರೆಯಲ್ಲಿ ಹುದುಗಿರುವುದರಿಂದ ಊದಿ ದಪ್ಪಗಾದ ಪೊರೆಯನ್ನೂ ಕೆತ್ತಿ ತೆಗೆಯಬೇಕು. ತೆಗೆದ ಪೊರೆಯನ್ನು ಎಸೆಯದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸಸ್ಯಕೋಶಗಳ ಗೋಡೆ ಹೊಳೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರಿದ್ದರೂ ಸಿಕ್ಕಿಬೀಳುತ್ತದೆ. ಅದೇ ಮಾದರಿಯಲ್ಲಿ ಕ್ಷಯದ ಪರೀಕ್ಷೆಯೂ ಆಗುವುದರಿಂದ ಆ ಸಂಶಯವೂ ಒಂದೇ ಸಲಕ್ಕೆ ಪರಿಹಾರವಾಗುತ್ತದೆ. ಮುಳ್ಳನ್ನು ಒಳಗಿಟ್ಟು ಆಂಟಿಬಯೋಟಿಕ್ ಕೊಡುತ್ತ ಹೋಗುವುದರಿಂದ ಪ್ರಯೋಜನವಿಲ್ಲ. ಬೇರು ಬಿಟ್ಟು ಎಲೆ ತರಿದಂತೆ, ಔಷಧಿ ನಿಂತ ಮೇಲೆ ಊತ ಮತ್ತೆ ಚಿಗುರುತ್ತದೆ. ಕಾರಣ ತಿಳಿಯದೆ ಕೀಲಿನೊಳಗೆ ಸ್ಟೆರಾಯಿಡ್ ಇಂಜೆಕ್ಷನ್ ಕೊಡುವುದು ಇನ್ನೂ ಅಪಾಯ. ಅಡಗಿದ ಸೋಂಕಿಗೆ ಅದು ರಕ್ಷಣೆಯಾಗುತ್ತದೆ.

ಚೀಟಿಯ ಮೇಲೆ ಒಂದು ಸಾಲು

ಹಾಗಾದರೆ ತೊಡಕು ಎಲ್ಲಿದೆ? ವಿದ್ಯೆಯಿದೆ, ಉಪಕರಣವಿದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮರುಜೀವ ಪಡೆದ ಯಶಸ್ವಿನಿಯಿದೆ. ಕೊರತೆಯಿರುವುದು ಈ ದಾರಿಯ ಮೊದಲ ಮೆಟ್ಟಿಲಿನಲ್ಲಿ.

ದೊಡ್ಡ ಆಸ್ಪತ್ರೆಯ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಸುಮಾರು 75 ಕಿಲೋಮೀಟರ್ ದೂರದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಚೀಟಿ ಪ್ರಯಾಣ ಮಾಡುತ್ತದೆ. ಅದರ ಮೇಲೆ ಬರೆದಿರುವುದು ‘ಮಂಡಿ ನೋವು’ ಎಂಬ ಎರಡೇ ಪದ. ‘ಮೂರು ತಿಂಗಳ ಹಿಂದೆ ಬಲಮಂಡಿಗೆ ಈಚಲು ಮುಳ್ಳು ಚುಚ್ಚಿತ್ತು’ ಎಂಬ ಒಂದು ಸಾಲು ಅಲ್ಲಿದ್ದರೆ ಮುಂದಿನ ವೈದ್ಯರ ಯೋಚನೆಯ ದಿಕ್ಕೇ ಬದಲಾಗುತ್ತದೆ. ಈ ರೋಗದಲ್ಲಿ ಯಂತ್ರ ತಪ್ಪಿಸಿಕೊಳ್ಳುವ ಸುಳಿವು ರೋಗಿಯ ಮಾತಿನಲ್ಲಿದೆ. ನೂರು ರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷವೂ ಸಿಗದ ವ್ಯವಸ್ಥೆಯಲ್ಲಿ ಮೊದಲು ಕಳೆದುಹೋಗುವುದೂ ಆ ಮಾತೇ.

ಆದ್ದರಿಂದ ಬೇಡಿಕೆಗಳು ದೊಡ್ಡವಲ್ಲ. ತೆಂಗಿನ ಸೀಮೆಯ ಆರೋಗ್ಯ ಕೇಂದ್ರಗಳಲ್ಲಿ, ಒಂದೇ ಮಂಡಿ ಊದಿಕೊಂಡು ಬಂದ ಪ್ರತಿಯೊಬ್ಬರಿಗೂ, ಅದರಲ್ಲೂ ಮಕ್ಕಳಿಗೆ, ‘ಈ ವರ್ಷದಲ್ಲಿ ಮುಳ್ಳು, ಕಡ್ಡಿ, ಸೂಜಿ ಚುಚ್ಚಿತ್ತೇ?’ ಎಂಬ ಪ್ರಶ್ನೆ ಕಡ್ಡಾಯವಾಗಬೇಕು. ಉತ್ತರ ಚೀಟಿಯಲ್ಲಿ ದಾಖಲಾಗಬೇಕು. ತಾಲ್ಲೂಕು ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರಕ್ಕೆ ಕೀಲು ನೋಡುವ ಪ್ರೋಬ್ ಮತ್ತು ಅದನ್ನು ಬಳಸುವ ತರಬೇತಿ ಬೇಕು. ಜಿಲ್ಲಾ ಮಟ್ಟದಲ್ಲಿಯೇ ಆರ್ತ್ರೋಸ್ಕೊಪಿ ಸುಲಭವಾಗಿ ದೊರೆತರೆ ಕೂಲಿಯವರಿಗೆ ಬೆಂಗಳೂರಿನ ಅಲೆದಾಟ ತಪ್ಪುತ್ತದೆ. ನಾಲ್ಕು ಸಲ ಬೆಂಗಳೂರಿಗೆ ಹೋಗಿಬಂದರೆ ಕಳೆಯುವುದು ಬಸ್ಸಿನ ದುಡ್ಡಷ್ಟೇ ಅಲ್ಲ, ಇಬ್ಬರ ನಾಲ್ಕು ದಿನದ ಕೂಲಿ.

ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ರೂಪಿಸಿದೆ, ಒಳ್ಳೆಯದೇ. ಆದರೆ ತೆಂಗಿನ ಕೆಲಸದ ಅಪಘಾತವೆಂದರೆ ಮರದಿಂದ ಬೀಳುವುದೊಂದೇ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ನೆಲದಲ್ಲಿ ಕೂತು ದುಡಿಯುವವರ, ಅದರಲ್ಲೂ ಹೆಂಗಸರ ಗಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಬ್ಬರಿ ಮನೆಯ ಮಾಲೀಕರು ದಪ್ಪ ಗೋಣಿಯ ಹಾಸು ಹಾಕಿಸುವುದು, ದಿನಕ್ಕೆರಡು ಸಲ ಕರಟದ ಚೂರು ಗುಡಿಸುವುದು, ಕಳೆ ಕೀಳುವವರಿಗೆ ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ ಕೊಡುವುದು, ಇವಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಮನೆಯವರು ತಿಳಿದಿರಬೇಕಾದದ್ದೂ ಸ್ವಲ್ಪವೇ. ಮಂಡಿಗೆ ಮುಳ್ಳು ಚುಚ್ಚಿದರೆ ಪಿನ್ನಿನಿಂದ ಕೆದಕಬಾರದು, ಎಕ್ಕದ ಹಾಲು ಹಚ್ಚಬಾರದು, ಎಣ್ಣೆ ಹಾಕಿ ನೀವಬಾರದು. ನೆಟ್ಟಗೆ ಎಳೆದರೆ ಸಲೀಸಾಗಿ ಬರುವಂತಿದ್ದರೆ ಎಳೆದು, ತುದಿ ಮುರಿದಿದೆಯೇ ಎಂದು ನೋಡಿ, ಆ ಮುಳ್ಳನ್ನು ಕಾಗದದಲ್ಲಿ ಸುತ್ತಿ ವೈದ್ಯರಿಗೆ ತೋರಿಸಬೇಕು. ಆಳಕ್ಕೆ ಹೊಕ್ಕ ಕಬ್ಬಿಣವನ್ನು ಎಳೆಯದೆ, ಕಾಲು ಅಲುಗದಂತೆ ಕಟ್ಟಿ ಆಸ್ಪತ್ರೆಗೆ ಒಯ್ಯಬೇಕು. ಗಾಯವನ್ನು ಸೋಪು ನೀರಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಬೇಕು. ಜ್ವರ ಬಂದರೆ, ಮಂಡಿ ಮಡಿಸಲಾಗದಿದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಚುಚ್ಚಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಂಡರೆ ತಿಂಗಳುಗಳ ಮೇಲೆ ಮಂಡಿ ಊದಿದಾಗ ಆ ಗುರುತೇ ವೈದ್ಯರಿಗೆ ದಾರಿ ತೋರಿಸುತ್ತದೆ.

ಮುಳ್ಳು ತೆಗೆದು, ಕೆಲವು ವಾರ ವ್ಯಾಯಾಮ ಮಾಡಿದರೆ ಬಹುಪಾಲು ಮಂಡಿಗಳು ಮೊದಲಿನಂತಾಗುತ್ತವೆ. ಪೂರ್ಣವಾಗಿ ಗುಣಪಡಿಸಬಹುದಾದ ಕೀಲು ಕಾಯಿಲೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು. ಅಂಥ ಕಾಯಿಲೆಗೆ, ಯಾರೂ ಒಂದು ಪ್ರಶ್ನೆ ಕೇಳಲಿಲ್ಲವೆಂಬ ಕಾರಣಕ್ಕೆ, ಕೂಲಿ ಮಾಡುವ ಹೆಂಗಸೊಬ್ಬಳು ಅಥವಾ ಶಾಲೆಗೆ ಹೋಗುವ ಹುಡುಗನೊಬ್ಬ ಕಾಲು ಕಳೆದುಕೊಳ್ಳುವಂತಾಗಬಾರದು.